ಸಣ್ಣಕ್ಕ ಹೇಳದ ಸಾಲು

ಜುಲೈ 8, ಸೋಮವಾರ. ಸಂಜೆ 5
ಹನ್ನೊಂದು ಅರ್ಜಿ ಬರೆದೆ. ಒಂಬತ್ತು ಪಟ್ಟಾ, ಒಂದು ರೇಷನ್ ಕಾರ್ಡ್, ಒಂದು ಬಾಲವಾಡಿ. ತಾಲ್ಲೂಕು ಆಫೀಸಿನ ಹುಣಸೆ ಮರದ ಕೆಳಗೆ ಕೂತೂ ಕೂತೂ ಸೊಂಟ ಹೋಯಿತು.

ಕೊನೆಗೆ ಬಂದವಳು ಮಾರಂಡಹಳ್ಳಿ ಕಡೆಯ ಮುದುಕಿ, ಸಣ್ಣಕ್ಕ. ಓದು ಬರದು. “ಬಾಲವಾಡೀಲಿ ವಾರಕ್ಕೆ ಮೂರು ಮೊಟ್ಟೆ ಕೊಡ್ಬೇಕಂತೆ, ನನ್ ಮೊಮ್ಮಗಳ್ಗೆ ಎರಡೇ ಸಿಕ್ತೈತೆ. ಯಾಕಂತ ಇಚಾರ್ಸಿ ಅಂತ ಬರಿಯಪ್ಪಾ. ಅಷ್ಟೇ.”

ಅಷ್ಟೇ ಬರೆದರೆ ಯಾವ ಅಧಿಕಾರಿ ಓದುತ್ತಾನೆ? ಉಪ್ಪು ಖಾರ ಬೇಡವೇ? ತಮಿಳುನಾಡಿನ ಆಫೀಸು, ಅರ್ಜಿ ತಮಿಳಲ್ಲೇ. ಟೀಚರ್ ಹೆಸರು ಕೇಳಿಕೊಂಡು ನಾನೇ ಒಂದು ಸಾಲು ಸೇರಿಸಿದೆ — ಟೀಚರ್ ಪೂಂಗೊಡಿ ಮೊಟ್ಟೆ ಕದ್ದು ಅಂಗಡಿಗೆ ಮಾರುತ್ತಾಳೆ. ಹೆಬ್ಬೆಟ್ಟು ಒತ್ತುವ ಮುಂಚೆ ಓದಿ ಹೇಳುವುದು ಪದ್ಧತಿ. ಕನ್ನಡದಲ್ಲಿ ಹೇಳಿದೆ, ಆ ಸಾಲು ಬಿಟ್ಟು. “ಸರಿಯಾಗೈತೆ” ಎಂದು ಒತ್ತಿದಳು. ಇಪ್ಪತ್ತು ವರ್ಷದಿಂದ ಹೀಗೇ.

ಜುಲೈ 29
ಟೀ ಅಂಗಡಿಯಲ್ಲಿ ಮಾತು — ಬಾಲವಾಡಿ ಟೀಚರನ್ನು ಸಸ್ಪೆಂಡ್ ಮಾಡಿದ್ದಾರೆ. ನನ್ನ ಅರ್ಜಿಗೆ ಎಷ್ಟು ಪವರ್! ಸುಳ್ಳೇಕೆ, ಖುಷಿಯಾಯಿತು.

ಆಗಸ್ಟ್ 12
ಆಫೀಸಿನ ಗೇಟಿನ ಹತ್ತಿರ ಒಬ್ಬಳು. ಫೈಲು ಎದೆಗವುಚಿಕೊಂಡು ನಿಂತಿದ್ದಳು. ಅವಳೇ ಪೂಂಗೊಡಿ ಎಂದು ಜೆರಾಕ್ಸ್ ಅಂಗಡಿಯವನು ಹೇಳಿದ. ಕದ್ದವಳ ಮುಖ ಹಾಗಿರುತ್ತದೆಯೇ...

ಆಗಸ್ಟ್ 19
ಇವತ್ತೂ ನಿಂತಿದ್ದಳು. ಕೊಡೆಯೂ ಇಲ್ಲ. ನಾನು ಕುರ್ಚಿ ತಿರುಗಿಸಿ ಕೂತೆ. ಆದರೂ ಬೆನ್ನಿಗೆ ಗೊತ್ತಾಗುತ್ತಿತ್ತು.

ಸೆಪ್ಟೆಂಬರ್ 2
ಸಣ್ಣಕ್ಕ ಓಡಿ ಬಂದಳು. ಕೈಯಲ್ಲಿ ಪೂಂಗೊಡಿ ಕಡೆಯ ವಕೀಲರ ನೋಟಿಸು, ಇಂಗ್ಲಿಷಿನದು. “ನಾನೇನಪ್ಪಾ ತಪ್ಪು ಮಾಡ್ದೆ? ಕೋರ್ಟು ಗೀರ್ಟು ಅಂತವ್ರೆ!” ಒಂದು ಪದ ಮಾತ್ರ ತಿಳಿಯಲಿಲ್ಲ. ಲೈಬೆಲ್.

ಅವಳನ್ನು ಕೂರಿಸಿ, ವಕೀಲ ವಿಶ್ವನಾಥನ್ ಹತ್ತಿರ ಕೇಳಿದೆ. “ಬಾಯಲ್ಲಿ ಮಾನ ಕಳೆದ್ರೆ ಸ್ಲ್ಯಾಂಡರ್, ಬರೆದು ಕಳೆದ್ರೆ ಲೈಬೆಲ್. ನಮ್ಮ ಕ್ರಿಮಿನಲ್ ಲಾನಲ್ಲಿ ಎರಡೂ ಒಂದೇ, ಮಾನನಷ್ಟ. ಆದ್ರೆ ಮೂರನೆಯವನು ಒಬ್ಬ ಓದಿರ್ಬೇಕು.” ಆಮೇಲೆ ನಕ್ಕರು. “ಅಧಿಕಾರಿಗೆ ಒಳ್ಳೇ ನಂಬಿಕೆಯಿಂದ ದೂರು ಕೊಟ್ರೆ ತಪ್ಪಿಲ್ಲ. ಅಜ್ಜಿಗೆ ಆ ನಂಬಿಕೆ ಇತ್ತಾ?”

ಅಜ್ಜಿಗೆ ಇತ್ತು ಸಾರ್. ಇಲ್ಲದಿದ್ದದ್ದು ನನಗೆ. ಬಾಯಿಗೆ ಬಂತು, ನುಂಗಿದೆ.

ಸೆಪ್ಟೆಂಬರ್ 3, ಬೆಳಿಗ್ಗೆ 6
ಈ ಡೈರಿ ಕನ್ನಡದಲ್ಲಿ. ಹೊಸೂರಿನ ಅತ್ತೆ ಮನೆಯಲ್ಲಿದ್ದಾಗ ಕಲಿತ ಅಕ್ಷರ. ನಮ್ಮ ಮನೆಯಲ್ಲಿ ಯಾರಿಗೂ ಇದನ್ನು ಓದಲು ಬರದು. ಇಲ್ಲಿ ಏನು ಬರೆದರೂ ಲೈಬೆಲ್ ಅಲ್ಲ, ಏನು ಒಪ್ಪಿಕೊಂಡರೂ ತಪ್ಪೊಪ್ಪಿಗೆಯೂ ಅಲ್ಲ. ರಾತ್ರಿ ಹೆಂಡತಿ ಮೊಟ್ಟೆ ಸಾರು ಮಾಡಿದ್ದಳು. ತಟ್ಟೆ ಸರಿಸಿ ಎದ್ದೆ. ಭಯವಾಗುತ್ತಿದೆ. ನಾಚಿಕೆಯೂ.

ಸೆಪ್ಟೆಂಬರ್ 23, ಸೋಮವಾರ. 10.40
ಮರದ ಕೆಳಗೇ ಬರೆಯುತ್ತಿದ್ದೇನೆ.

ಪೂಂಗೊಡಿ ನೇರ ನನ್ನ ಮೇಜಿಗೇ ಬಂದಳು. “ಅಣ್ಣಾ, ಒಂದು ಮನು, ಅದೇ ಅರ್ಜಿ, ಬರೀಬೇಕು. ವ್ಯಾನಲ್ಲೇ ಮೊಟ್ಟೆ ಕಮ್ಮಿ ಬಂದಿತ್ತು ಅಂತ ಎನ್‌ಕ್ವೈರೀಲಿ ಗೊತ್ತಾಗೈತೆ. ಆದ್ರೂ ವೇಲೆ, ನನ್ ಕೆಲ್ಸ, ವಾಪಸ್ ಕೊಟ್ಟಿಲ್ಲ.”

“ನೀವು ಟೀಚರಲ್ವಾ? ನೀವೇ ಬರೀಬಹುದಲ್ಲಾ?”

“ಪೆನ್ನು ಹಿಡುದ್ರೆ ಅಳು ಬತ್ತೈತೆ ಅಣ್ಣಾ. ನಾನು ಸಾಕಿದ ಮಕ್ಳೇ ಮೊಟ್ಟೆಕಳ್ಳಿ ಅಂತವೆ.” ಜೆರಾಕ್ಸ್ ಒಂದನ್ನು ಮೇಜಿನ ಮೇಲೆ ಹರಡಿದಳು. “ನನ್ ಮೇಲೆ ಕೊಟ್ಟ ಅರ್ಜಿ. ಇದಕ್ಕೆ ಜವಾಬು.”

ನನ್ನದೇ ಅಕ್ಷರ. ಕೊನೆಯ ಅಕ್ಷರದ ಬಾಲ ಎಳೆಯುವ ನನ್ನ ಚಾಳಿ ಸಾಲುಸಾಲಿಗೂ ಕಾಣುತ್ತಿದೆ. ಅವಳು ಬಿಳಿ ಹಾಳೆ ತರಲು ಹೋಗಿದ್ದಾಳೆ. ಅವಳ ಅರ್ಜಿ ಬರೆದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟ ಕೂಡಲೇ ಗೊತ್ತಾಗುತ್ತದೆ. ಆಗುವುದಿಲ್ಲ ಎಂದರೆ ನಾನು ಬಚಾವ್, ಸಣ್ಣಕ್ಕ ಕೋರ್ಟಿಗೆ.

10.55
ನನ್ನ ಹತ್ತಿರವಿದ್ದ ಹಾಳೆಯಲ್ಲೇ ತಮಿಳಲ್ಲಿ ಬರೆದಿಟ್ಟೆ — ಕದ್ದಳು ಎಂಬ ಮಾತು ಸಣ್ಣಕ್ಕ ಹೇಳಿದ್ದಲ್ಲ. ಸುಳ್ಳು ಸೇರಿಸಿದವನು ಧನಪಾಲ್, ಅರ್ಜಿ ಬರೆಯುವವನು, ನಾನು. ಬಾಲ ಎಳೆದೇ ಬರೆದೆ.

ಬರುತ್ತಿದ್ದಾಳೆ. ಇವಳಿಗೆ ಓದು ಬರುತ್ತದೆ. ನಾನು ಓದಿ ಹೇಳಬೇಕಾಗಿಲ್ಲ. ಹಾಳೆಯನ್ನು ಅವಳ ಕಡೆಗೆ ತಿರುಗಿಸಿಟ್ಟೆ.