ಏಳಬೇಡಿ, ನೋಡಿ, ಬರೆಯಿರಿ

ನಿನ್ನ ಬರೆಯುವ ಮೇಜಿನಿಂದ,
ಭಾನುವಾರ, ನವೆಂಬರ್ ೯

ಪ್ರೀತಿಯ ಅಕ್ಕಾ,

ಮೊಣಕಾಲಿನ ಹೊಲಿಗೆ ಬಿಚ್ಚಿದರೇ? ಊರುಗೋಲು ಬಿಟ್ಟು ನಡೆಯುವ ಸಾಹಸ ಮಾಡುತ್ತಿದ್ದೀಯೆಂದು ನಿನ್ನ ಮಗಳು ಫೋನಿನಲ್ಲಿ ದೂರಿದಳು. ಹೊಸ ಕೀಲು ಕೂರಲು ಸಮಯ ಬೇಕು. ಯಂತ್ರಕ್ಕಾದರೂ ನಾವು ಅಷ್ಟು ಅವಕಾಶ ಕೊಡುತ್ತೇವೆ. ನಾನು ಕ್ಷೇಮ. ಎಡ ಮುಂಗೈ ಪ್ಲಾಸ್ಟರಿನಲ್ಲಿದೆ. ಬರೆಯುವ ಕೈ ಅಲ್ಲವಾದ್ದರಿಂದ ಗಾಬರಿಪಡಬೇಡ. ಅದು ಹೇಗಾಯಿತೆಂಬುದು ಬೇರೆಯವರ ಬಾಯಿಂದ ಉಪ್ಪುಖಾರ ಹಚ್ಚಿಕೊಂಡು ನಿನ್ನನ್ನು ತಲುಪುವ ಮೊದಲು ನಾನೇ ಹೇಳಬೇಕು.

ಶಸ್ತ್ರಚಿಕಿತ್ಸೆಗೆಂದು ಮಗಳ ಊರಿಗೆ ಹೊರಟವಳು ಕಾಲೇಜಿನಲ್ಲಿ ನೀನು ನಡೆಸುವ ಸಂಜೆಯ ಕಥಾರಚನೆಯ ತರಗತಿಯನ್ನು ನನ್ನ ತಲೆಗೆ ಕಟ್ಟಿದೆ. ವಾಲ್ವ್ ಕಾರ್ಖಾನೆಯಲ್ಲಿ ಮುರಿದ ಬಿಡಿಭಾಗಗಳನ್ನು ಪರೀಕ್ಷಿಸುವವನು ಕಥೆಯ ಪಾಠ ಹೇಳುವುದುಂಟೇ ಎಂದು ನಾನು ಹಿಂಜರಿದಾಗ, "ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣೋ, ಅದಕ್ಕೇ ಕಥೆ ಬರೆಯೋಕೂ ಬರಲ್ಲ. ಆದ್ರೆ ಇನ್ನೊಬ್ರ ಕಥೆ ಎಲ್ಲಿ ಮುರಿದಿದೆ ಅಂತ ಕಾಣುತ್ತೆ, ಸಾಕು" ಎಂದಿದ್ದೆ. ನಿನ್ನ ಶಿಷ್ಯರು ಬೆನ್ನ ಹಿಂದೆ ನನ್ನನ್ನು ಮಿಲಿಮೀಟರ್ ಮೇಷ್ಟ್ರು ಎನ್ನುತ್ತಾರೆ. ಧಾರಾವಾಹಿಗೆ ಸಂಭಾಷಣೆ ಬರೆಯುವ ಆಸೆಯವನು ಮೊದಲ ದಿನವೇ, "ಸಾರ್, ಇದ್ರಿಂದ ಹೊಟ್ಟೆ ತುಂಬುತ್ತಾ?" ಎಂದು ಕೇಳಿದ. ಹಿಂದಿನ ಬೆಂಚಿನಿಂದ ನಿವೃತ್ತ ಕಂಡಕ್ಟರು, "ನನ್ನ ಪೆನ್ಶನ್ ನೀ ತಗೋ ಮಾರಾಯ, ನಿನ್ನ ತಲೆಗೂದಲು ನಂಗೆ ಕೊಡು" ಎಂದು ಬಾಯಿ ಮುಚ್ಚಿಸಿದರು. ನಿಜಕ್ಕೂ ಈ ವಿದ್ಯೆಯಿಂದ ಹೊಟ್ಟೆ ತುಂಬಬಹುದಾದವಳು ಅಲ್ಲಿ ಒಬ್ಬಳೇ, ಬೇಕರಿಯಲ್ಲಿ ಹಿಟ್ಟು ನಾದುವಾಕೆ. ಅವಳ ನಾಟಕ ರೇಡಿಯೋದಲ್ಲಿ ಬಂತು. ರೇಡಿಯೋದವರೇ ಎರಡನೆಯದನ್ನು ಬರೆದುಕೊಡಲು ಕೇಳಿದರು. ಆ ಸಂಭ್ರಮಕ್ಕೆ ತರಗತಿಗೆಲ್ಲ ಬನ್ನು ಹಂಚಿದಳು.

ಬುಧವಾರದ ಪಾಠ, ಏಟನ್ನು ವರ್ಣಿಸುವುದು ಹೇಗೆಂಬುದು. ಕಾರ್ಖಾನೆಯಿಂದ ತಂದಿದ್ದ ತುಂಡಾದ ಬೋಲ್ಟೊಂದನ್ನು ಕೈಯಿಂದ ಕೈಗೆ ದಾಟಿಸಿ, ಅದು ಮುರಿದದ್ದು ಕೊನೆಯ ಪೆಟ್ಟಿಗಲ್ಲ, ಬಿರುಕು ಎಷ್ಟೋ ಮೊದಲೇ ಒಳಗಿತ್ತು, ಆ ಬಿರುಕಿನಿಂದ ಬರೆಯಲು ತೊಡಗಿ ಎನ್ನುತ್ತಿದ್ದೆ. ಬಾಗಿಲು ಗೋಡೆಗೆ ಅಪ್ಪಳಿಸಿತು. ಬಂದವನು ಬೇಕರಿಯಾಕೆಯ ಗಂಡ, ಲಾರಿ ಮೆಕ್ಯಾನಿಕ್. ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್. "ನನ್ನ ಮಾನ ರೇಡಿಯೋದಲ್ಲಿ ಹರಾಜು ಹಾಕ್ತೀಯೇನೇ?" ಎನ್ನುತ್ತ ಅವಳ ಜುಟ್ಟು ಹಿಡಿದು ಬೆಂಚಿನಿಂದ ಎಳೆದ. ಆ ನಾಟಕದಲ್ಲಿ ಗಂಡನೆಂಬ ಪಾತ್ರವೇ ಇಲ್ಲ, ಅಕ್ಕಾ. ಮೊದಲ ಏಟಿಗೆ ಅವಳ ಭುಜದ ಮೂಳೆ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯದು ದವಡೆಗೆ ಬಿತ್ತು. ನೆಲದ ಮೇಲೆ ರಕ್ತದ ಜೊತೆ ಹಲ್ಲು.

ಆಗ ನಿನ್ನ ವಿದ್ಯಾರ್ಥಿಗಳೆಲ್ಲ ಪೆನ್ನು ಕೈಗೆತ್ತಿಕೊಂಡರು.

ಕಾರಣ ನಿನಗೆ ಗೊತ್ತು, ಮುನ್ಸೂಚನೆಯಿಲ್ಲದೆ ನೀನು ಆಡಿಸುವ ಆ ಸುಳ್ಳು ಗಲಾಟೆಯ ಪಾಠ. ಕ್ಯಾಂಟೀನಿನವನು ಕಳ್ಳನಾಗಿ ನುಗ್ಗುವುದು, ಕುರ್ಚಿ ಉರುಳಿಸಿ ಕೆಂಪು ಶಾಯಿ ಚೆಲ್ಲಿ ನಿನ್ನ ಚೀಲ ಕಿತ್ತುಕೊಂಡು ಓಡುವುದು, ನೀನು "ಏಳ್ಬೇಡಿ, ನೋಡಿ, ಬರೀರಿ" ಎನ್ನುವುದು. ಒಬ್ಬರು ಕಂಡಂತೆ ಇನ್ನೊಬ್ಬರು ಕಂಡಿರುವುದಿಲ್ಲವೆಂದು ಆ ಬರಹಗಳನ್ನು ನನಗೆ ಓದಿ ಹೇಳಿ ನಗುತ್ತಿದ್ದೆ. ಹೋದ ಸಲ ಕಂಡಕ್ಟರು ಎದ್ದು ಕ್ಯಾಂಟೀನಿನವನ ಕುತ್ತಿಗೆ ಹಿಡಿದಾಗ, "ನೀವು ನೋಡ್ಲಿಲ್ಲ ಸಾರ್, ಹೀರೋ ಆಗೋಕೆ ಹೋದ್ರಿ" ಎಂದು ಗದರಿದ್ದೆಯಂತೆ. ಆದ್ದರಿಂದ ಈ ಸಲ ಅವರು ಬೆಂಚಿಗೆ ಅಂಟಿಕೊಂಡು ಕುಳಿತು, ಎಲ್ಲರಿಗಿಂತ ವೇಗವಾಗಿ ಬರೆಯುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಚೆನ್ನಾಗಿ ಕಾಣಲೆಂದು ಪಕ್ಕಕ್ಕೆ ಬಾಗಿದಳು. ಇದು ನಾನು ಏರ್ಪಡಿಸಿದ ಆಟವಲ್ಲವೆಂದು ಬಲ್ಲವನು ನಾನೊಬ್ಬನೇ. ನಡುವೆ ನುಗ್ಗಿ ಎಡಗೈ ಅಡ್ಡ ಹಿಡಿದೆ. ಮೂರನೆಯ ಏಟು ಅದರ ಮೇಲೆ ಬಿತ್ತು. ನನ್ನ ಕೂಗನ್ನೂ ಅವರು ಅಭಿನಯವೆಂದೇ ಬರೆದುಕೊಂಡರಂತೆ. ಕೊನೆಗೆ ಅವಳೇ, ಆ ಒಡೆದ ಬಾಯಿಂದಲೇ, "ಬರೀಬೇಡ್ರೋ! ಹಿಡೀರೋ!" ಎಂದು ಕಿರುಚಿದಳು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಎಲ್ಲರೂ ಒಮ್ಮೆಲೇ ಅವನ ಮೇಲೆ ಬಿದ್ದರು. ಧಾರಾವಾಹಿಯವನು ಕುರ್ಚಿಯಿಂದ ಬಡಿದ. ಪಕ್ಕಕ್ಕೆ ಬಾಗಿದ್ದ ಹುಡುಗಿ ಪೆನ್ನನ್ನೇ ಅವನ ಅಂಗೈಗೆ ಚುಚ್ಚಿದಳು. ಅವನು ಬಿದ್ದು, ಸ್ಪ್ಯಾನರ್ ಕೈಬಿಟ್ಟು, ಮೂಗಿನಿಂದ ಗುಳ್ಳೆಗುಳ್ಳೆಯಾಗಿ ರಕ್ತ ಉಕ್ಕಿದ ಮೇಲೂ ಕಂಡಕ್ಟರು ಒದೆಯುತ್ತಲೇ ಇದ್ದರು. ಒಂದೇ ಕೈಯಿಂದ ಅವರನ್ನು ಎಳೆದು ತೆಗೆದೆ. ಅವರು ಒದೆಯುತ್ತಿದ್ದುದು ಅವನನ್ನಲ್ಲ, ತಾವು ಕುಳಿತಿದ್ದ ಆ ಹೊತ್ತನ್ನು. ಈಗ ಅವರು ದಿನವೂ ಬೇಕರಿಯಾಕೆಯಿರುವ ಆಸ್ಪತ್ರೆಯ ಬಾಗಿಲಲ್ಲಿ ಕೂರುತ್ತಾರೆ. ಒಳಗೆ ಹೋಗುವ ಧೈರ್ಯವಿಲ್ಲ.

ಗಂಡ ಪೊಲೀಸರ ವಶದಲ್ಲಿದ್ದಾನೆ. ಬೇಕರಿಯಾಕೆ ಬದುಕಿದ್ದಾಳೆ, ದವಡೆಗೆ ತಂತಿ ಬಿಗಿದಿದ್ದಾರೆ. ನಿನ್ನೆ ನೋಡಲು ಹೋದಾಗ ಸ್ಲೇಟಿನ ಮೇಲೆ, "ಕ್ಲಾಸು ಮುಚ್ಚಬೇಡಿ. ಎರಡನೇ ನಾಟಕ ಅರ್ಧ ಆಗಿದೆ. ಮೇಡಂ ಬಂದು ನೋಡ್ಲಿ" ಎಂದು ಬರೆದು ತೋರಿಸಿದಳು. ಆದರೆ ಪ್ರಿನ್ಸಿಪಾಲರು ವಿಚಾರಣೆ ನಡೆಸುತ್ತಿದ್ದಾರೆ. ಅವರ ಪ್ರಶ್ನೆ ಒಂದೇ: "ಕಣ್ಣೆದುರಿಗೆ ಹೆಣ್ಣುಮಗಳನ್ನ ಹೊಡೀತಿದ್ರೆ ಕೂತ್ಕೊಂಡು ಬರೆಯೋ ಪಾಠ ಯಾರ್ ಕಲ್ಸಿದ್ದು?" ಕಲಿಸಿದವರು ಯಾರೇ ಆಗಲಿ ಇನ್ನು ಆ ಕಟ್ಟಡದ ಮೆಟ್ಟಿಲು ಹತ್ತುವಂತಿಲ್ಲವೆಂದು ಹೇಳಿದ್ದಾರೆ. ತರಗತಿಯಿಲ್ಲದ ನಿನ್ನನ್ನು ಊಹಿಸಲು ನಾನು ಪ್ರಯತ್ನಿಸಿದೆ. ನನಗೆ ಊಹಾಶಕ್ತಿ ಕಡಿಮೆಯೆಂದು ನೀನೇ ಹೇಳಿದ್ದೀಯಲ್ಲ, ಆಗಲಿಲ್ಲ.

ಭಾವನಿಗೆ ನನ್ನ ನಮಸ್ಕಾರ, ಮಗಳಿಗೆ ಆಶೀರ್ವಾದ. ನಿನ್ನ ಗಿಡಗಳಿಗೆ ನೀರು ತಪ್ಪಿಸಿಲ್ಲ. ಮೊಣಕಾಲನ್ನು ಮಡಿಸಿ ನೆಲಕ್ಕೆ ಕೂರಬೇಡ.

ನಿನ್ನ
ತಮ್ಮ

ಮರೆತಿದ್ದೆ: ಆ ಪಾಠ ನಿನ್ನದಲ್ಲ, ನೀನು ಹೋದ ಮೇಲೆ ನಾನೇ ತಂದದ್ದು ಎಂದು ಶುಕ್ರವಾರ ವಿಚಾರಣೆಯಲ್ಲಿ ಬರೆದುಕೊಟ್ಟಿದ್ದೇನೆ. ನನಗೆ ಕಾರ್ಖಾನೆಯಿದೆ. ಕಂಡಕ್ಟರು, ಧಾರಾವಾಹಿಯವನು, ಆ ಹುಡುಗಿ, ಕ್ಯಾಂಟೀನಿನವನೂ ಸೇರಿ ಎಲ್ಲರೂ ಕಂಡದ್ದು ಹಾಗೆಯೇ ಎಂದು ಹೇಳಿದ್ದಾರೆ. ಇದೊಂದು ಸಲ ನಿನ್ನ ತರಗತಿಯಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ವ್ಯತ್ಯಾಸವಿಲ್ಲ. ಚಿಕ್ಕಂದಿನಿಂದ ನಾನು ಬರೆದದ್ದನ್ನೆಲ್ಲ ತಿದ್ದುತ್ತ ಬಂದಿದ್ದೀ. ಇದನ್ನು ತಿದ್ದಬೇಡ.