ಕ್ಲೋರಿನ್ ಇದೆ ಸರಿ, ಅದು ಹುಟ್ಟಿಸಿದ್ದು ಎಷ್ಟಿದೆ?

ನೀರು ಸರಬರಾಜು ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ನಳದ ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ನೀವು ಪರೀಕ್ಷಿಸುತ್ತೀರಿ. ಅದು ನೀರಿನ ಕೊಳೆಯೊಂದಿಗೆ ಸೇರಿ ಏನನ್ನು ಹುಟ್ಟಿಸಿದೆ ಎಂದು ಒಮ್ಮೆಯೂ ನೋಡಿಲ್ಲ. ಟ್ರೈಹ್ಯಾಲೋಮೀಥೇನ್ ಎಂಬ ಆ ರಾಸಾಯನಿಕಗಳಿಗೆ ಸರ್ಕಾರವೇ ಮಿತಿ ಗೊತ್ತುಮಾಡಿದೆ. ಅಳೆಯದೆಯೇ ಮಿತಿ ಮೀರಿಲ್ಲ ಎನ್ನುವ ವಿದ್ಯೆ ತಮಗೆಲ್ಲಿ ಸಿದ್ಧಿಸಿತು?

ನಮ್ಮದು ಜೈನರ ಮನೆ, ಸೋಸದ ನೀರು ಕುಡಿಯುವುದಿಲ್ಲ. ಅತ್ತೆ ಶಾಂತವ್ವ ನೀರು ಸೋಸಿ, ಅರಿವೆಯಲ್ಲಿ ಸಿಕ್ಕ ಜೀವ ಸಾಯಬಾರದೆಂದು ಆ ಅರಿವೆಯನ್ನು ನೀರು ತೆಗೆದ ತೊಟ್ಟಿಯಲ್ಲೇ ಜಾಲಾಡುತ್ತಿದ್ದರು. ತೊಟ್ಟಿ ನಾರಿದರೆ ಯಜಮಾನರು ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದರು. ದಯೆಯೂ ಆಯಿತು, ಶುದ್ಧಿಯೂ ಆಯಿತು ಎಂದುಕೊಂಡಿದ್ದೆವು. ಚೊಚ್ಚಲ ಹೆರಿಗೆಗೆ ಬಂದ ಮಗಳು ಮಾನಸಿ, ರಸಾಯನಶಾಸ್ತ್ರ ಓದಿದವಳು, ಅಜ್ಜಿಯನ್ನು ತಡೆದಳು.

"ಆಯಿ, ಕೊಳಿ ಇದ್ದಲ್ಲಿ ಕ್ಲೋರಿನ್ ಹಾಕಿದ್ರ ಬ್ಯಾರೆ ವಿಷ ಹುಟ್ಟತೈತಿ. ಅದು ನಿನ್ನ ಅರಿವಿಗೆ ಸಿಗೂದಿಲ್ಲ."

ತೊಟ್ಟಿಯಲ್ಲಿ ಅರಿವೆ ಜಾಲಾಡುವುದನ್ನು ಅತ್ತೆ ಆ ದಿನವೇ ನಿಲ್ಲಿಸಿದರು. ನಿಮ್ಮಲ್ಲೂ ಹೀಗೇ ಏನೋ ಎಂದು ನೀರಿನ ಘಟಕಕ್ಕೆ ನನ್ನನ್ನೂ ಎಳೆದೊಯ್ದರು. ಅಲ್ಲಿದ್ದ ನಿಮ್ಮ ಎಂಜಿನಿಯರರು ಹೆಮ್ಮೆಯಿಂದಲೇ ಹೇಳಿದರು: "ಫಿಲ್ಟರ್ ತೊಳದ ನೀರು ಚೆಲ್ಲೂದಿಲ್ರಿ, ಒಳಗ ಬರೂ ಹೊಳಿ ನೀರಿಗೇ ಮತ್ತ ಸೇರಸ್ತೀವಿ. ವಾಸನಿ ಬಂದ್ರ ಪೌಡರ್ ಜಾಸ್ತಿ ಹಾಕ್ತೀವಿ."

"ಕ್ಷಮಾ, ಇವ್ರೂ ನನ್ನಂಗ ಮಾಡಾಕತ್ತಾರಲ್ಲ," ಎಂದರು ಅತ್ತೆ. "ನಾ ಜೀವ ಉಳೀಲಿ ಅಂತ ಮಾಡಿದ್ನಿ. ಇವ್ರು ಯಾಕ ಮಾಡ್ತಾರ?"

ಉತ್ತರವಾಗಿ ಎಂಜಿನಿಯರರು ಲೋಟದ ನೀರಿಗೆ ಎರಡು ಹನಿ ಔಷಧ ಬಿಟ್ಟು, ಹಳದಿಯಾಯಿತು ನೋಡಿ, ಸೇಫ್ ಎಂದರು. ಹಳದಿ ಹೇಳಿದ್ದು ಕ್ಲೋರಿನ್‌ನ ಸುದ್ದಿ ಮಾತ್ರ. ನಾನು ಕೇಳುತ್ತಿರುವುದನ್ನು ಮುಧೋಳದ ನಾಯಿಯೂ ಮೂಸಿ ಹಿಡಿಯಲಾರದು. ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು.

ಕ್ಲೋರಿನ್ ನಿಲ್ಲಿಸಿ ಎನ್ನುತ್ತಿಲ್ಲ. ವಾಂತಿಭೇದಿಗೆ ಮನೆಮನೆಯೂ ಮಲಗಿದ್ದನ್ನು ಕಂಡವರು ನಾವು. ಕೊಳೆಯನ್ನು ಮೊದಲು ತೆಗೆಯಿರಿ, ಆಮೇಲೆ ಕ್ಲೋರಿನ್ ಹಾಕಿರಿ. ಈ ರಾಸಾಯನಿಕಗಳು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕ್ಯಾನ್ಸರ್ ಬಂದೀತೆಂಬ ಅನುಮಾನ ತಜ್ಞರಿಗಿದೆ. ಬಸುರಿಯರ ವಿಷಯದಲ್ಲಿ ಇನ್ನೂ ಹುಡುಕುತ್ತಿದ್ದಾರಂತೆ. ಮಗಳು ಲೋಟ ಹಿಡಿದು ನನ್ನ ಮುಖ ನೋಡುತ್ತಾಳೆ. ಕುಡಿ ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಬೇರೆ ನೀರಿಲ್ಲ. ನನಗೆ ಸಿಟ್ಟು ಬಂದಿದೆ, ಮಾನ್ಯರೇ. ಅದನ್ನು ವಿನಯದಲ್ಲಿ ಸೋಸಿ ಬರೆಯಲಾರೆ.

ಬರುವ ಸೋಮವಾರ ನಿಮ್ಮ ಟ್ಯಾಂಕಿನ ಕೆಳಗೆ, ಊರವರೆದುರು, ಆ ರಾಸಾಯನಿಕ ಹಾರಿಹೋಗದಿರಲೆಂದು ಗಾಳಿ ಉಳಿಯದಂತೆ, ಗಾಜಿನ ಬಾಟಲಿಗೆ ನೀರು ತುಂಬಿಸುತ್ತೇವೆ. ಬಂದು ಸೀಲು ಹಾಕಿ, ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕಿಯನ್ನು ಟ್ಯಾಂಕಿನ ಮೇಲೆ ಬರೆಸಿ. ಬರದಿದ್ದರೂ ಬಾಟಲಿ ಹೋಗುತ್ತದೆ. ನಿಮ್ಮ ಸೀಲಿನ ಜಾಗದಲ್ಲಿ ಶಾಂತವ್ವನ ಹೆಬ್ಬೆಟ್ಟು ಇರುತ್ತದೆ.

ಇಂತಿ,
ತವರಿಗೆ ಬಂದ ಮಗಳಿಗೆ ಒಂದು ಲೋಟ ನೀರು ಕೊಡಲೂ ಅಂಜುವ ತಾಯಿ,
ಕ್ಷಮಾ
ಹೊಳೆದಂಡೆಯ ಊರು, ಜಮಖಂಡಿ ಸೀಮೆ