ಮೂರನೇ ಚಪ್ಪಾಳೆಗೆ ಬಾಗುವ ಗೋಡೆ

ಮಾನ್ಯ ವಿಜ್ಞಾನ ಭವನದ ನಿರ್ದೇಶಕರೇ,

ತಾವು ನನ್ನ ಗೋಡೆಯನ್ನು ಕೆಡಿಸಿದ್ದೀರಿ. ಕೆಡವಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕೆಡವಿದ ಗೋಡೆಯ ಪರವಾಗಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ತಾವು ಅದನ್ನು ಹಾಗೇ ನಿಲ್ಲಿಸಿ, ಒಳಗಿನ ನಿಜವನ್ನಷ್ಟೇ ತೆಗೆಸಿ, ಪಕ್ಕದಲ್ಲಿ ನನ್ನನ್ನೂ ನಿಲ್ಲಿಸಿದ್ದೀರಿ. ಈ ಬಗ್ಗೆ ನಾನು ಕೊಟ್ಟ ಮನವಿಗಳೆಲ್ಲ ಇನ್ನೂ ‘ಪರಿಶೀಲನೆಯಲ್ಲಿ’ ಇವೆ. ಮೊನ್ನೆ ನನಗೆ ಬಂದ ನೋಟಿಸು ಮಾತ್ರ ಯಾವ ಪರಿಶೀಲನೆಯ ಹಂಗೂ ಇಲ್ಲದೆ ಬಂದಿದೆ. ಅದು ಕೇಳಿರುವ ವಿವರಣೆಯನ್ನು ಈ ಬಹಿರಂಗ ಪತ್ರದಲ್ಲಿ, ನಾಲ್ಕು ಜನರ ಮುಂದೆಯೇ ಕೊಡುತ್ತಿದ್ದೇನೆ.

ನಾನು ನಾಟಕದ ಪರದೆಗಳಿಗೆ ಬಣ್ಣ ಬಳಿಯುತ್ತಿದ್ದವಳು. ಭೌತಶಾಸ್ತ್ರಕ್ಕೂ ನನಗೂ ಇದ್ದ ನಂಟು ನನ್ನ ನಾದಿನಿಯೊಬ್ಬಳೇ. ಅವಳು ಕಾಲೇಜಿನಲ್ಲಿ ಆ ಪಾಠ ಹೇಳುತ್ತಾಳೆ. ತಮ್ಮ ಭವನದವರು ಕ್ವಾಂಟಮ್ ಲೋಕವನ್ನು ಜನರಿಗೆ ಮುಟ್ಟಿಸುವ ವರ್ಚುವಲ್ ರಿಯಾಲಿಟಿ ಕೋಣೆಯೊಂದನ್ನು ಮಾಡಿಕೊಡಿ ಎಂದು ಅವಳನ್ನು ಕೇಳಿದಾಗ, ಅವಳು ನೇರ ನಮ್ಮ ಅಡುಗೆಮನೆಗೆ ಬಂದಳು.

“ಮಕ್ಕಳು ಲೆಕ್ಕ ಬಿಡಿಸ್ತಾರೆ, ನೂರಕ್ಕೆ ನೂರು ತಗೋತಾರೆ. ಎಲೆಕ್ಟ್ರಾನ್ ಅಂದ್ರೆ ಏನು ಅಂತ ಕೇಳಿದ್ರೆ ಮಾತ್ರ ಸಣ್ಣ ಗೋಲಿ ಅಂತಾರೆ. ಆ ಗೋಲೀನ ಅವರ ತಲೆಯಿಂದ ತೆಗೀಬೇಕು. ನಿಮ್ಮ ಕೈಲಾಗುತ್ತಾ, ಅತ್ತಿಗೆ?”

ಆಗಲಿಲ್ಲ. ಹೊಳೆಯುವ ಚುಕ್ಕೆ ಬರೆದೆ, ಬಾಲವಿರುವ ಚುಕ್ಕೆ ಬರೆದೆ, ನಡುಗುವ ಚುಕ್ಕೆ ಬರೆದೆ. “ಇದೂ ಗೋಲೀನೇ, ಸ್ವಲ್ಪ ಅನುಕೂಲಸ್ಥರ ಮನೆ ಗೋಲಿ,” ಎಂದು ಅವಳು ಎಲ್ಲವನ್ನೂ ಪಕ್ಕಕ್ಕೆ ಸರಿಸಿದಳು. ಒಂದು ಮಧ್ಯಾಹ್ನ ಒದ್ದೆ ಕಾಗದದ ಮೇಲೆ ನನ್ನ ಕುಂಚದಿಂದ ನೀಲಿ ಬಣ್ಣ ತೊಟ್ಟಿಕ್ಕಿತು. ಅದು ಹರಡತೊಡಗಿತು, ನಡುವೆ ದಟ್ಟ, ಸುತ್ತ ತೆಳು, ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಒರೆಸಲು ಬಟ್ಟೆ ಎತ್ತಿಕೊಂಡೆ. ನಾದಿನಿ ನನ್ನ ಮಣಿಕಟ್ಟು ಹಿಡಿದಳು. “ಒರೆಸಬೇಡಿ. ಇದೇ ಅದು.”

ಆ ನೀಲಿಯೇ ಕೋಣೆಯಾಯಿತು. ಕನ್ನಡಕ ತೊಟ್ಟ ಕೂಡಲೇ ನಿಮ್ಮ ಕೈಕಾಲು ಮಾಯವಾಗಿ, ನಾಲ್ಕು ಗೋಡೆಗಳ ನಡುವೆ ಹಬ್ಬಿದ ನೀಲಿ ಮಂಜೇ ನೀವಾಗುತ್ತೀರಿ. ಗೋಡೆಯ ಹತ್ತಿರ ಮಂಜು ತೆಳುವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಆಚೆ ಬದಿಯಲ್ಲೂ ನಿಮ್ಮದೇ ಒಂದು ತಿಳಿ ಛಾಯೆ ಇರುತ್ತದೆ. ಚಪ್ಪಾಳೆ ತಟ್ಟಿದರೆ, ಅಂದರೆ ‘ನಾನೀಗ ಎಲ್ಲಿದ್ದೇನೆ’ ಎಂದು ಕೇಳಿದರೆ, ಮಂಜೆಲ್ಲ ಸೇರಿ ಒಂದೇ ಬಿಂದುವಾಗುತ್ತದೆ. ಬಹಳ ಸಲ ಒಳಗೆ. ಅಪರೂಪಕ್ಕೆ, ಗೋಡೆಯಲ್ಲಿ ಬಿರುಕೂ ಇಲ್ಲದೆ, ಹೊರಗೆ. ಯಾವ ಸಲ ಎಂದು ಕೋಣೆ ಕಟ್ಟಿದ ನಮಗೂ ಗೊತ್ತಿರುತ್ತಿರಲಿಲ್ಲ. ಪ್ರತಿ ಚಪ್ಪಾಳೆಗೂ ಯಂತ್ರ ಹೊಸದಾಗಿ ಚೀಟಿ ಎತ್ತುತ್ತಿತ್ತು. ಇನ್ನು ಎರಡೂ ಅಂಗೈಗಳನ್ನು ಹತ್ತಿರ ತಂದರೆ ಗೋಡೆಗಳೂ ಹತ್ತಿರ ಬರುತ್ತಿದ್ದವು. ಕೋಣೆ ಕಿರಿದಾದಷ್ಟೂ ನೀಲಿ ಕುದಿಯುತ್ತಿತ್ತು.

ಇದೆಲ್ಲ ಯಾರಿಗೆ ಬೇಕಾಗಿತ್ತು ಎನ್ನುತ್ತೀರಾ? ನನ್ನ ಅಣ್ಣನಿಗೆ ಬೇಕಾಗಿತ್ತು.

ಅಣ್ಣ ಎತ್ತರದ ಕಟ್ಟಡವೊಂದರ ವಿಮಾ ಕಚೇರಿಯಲ್ಲಿದ್ದ. ಒಂದು ಶನಿವಾರ ಎಲ್ಲರಿಗಿಂತ ಕೊನೆಗೆ ಹೊರಟವನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಸೋಮವಾರ ಬೆಳಿಗ್ಗೆ ಹೊರಬಂದ. ಆಮೇಲೆ ಮೆಟ್ಟಿಲಷ್ಟೇ ಹತ್ತಿದ, ಹಜಾರದಲ್ಲಿ ಮಲಗಿದ, ಬಚ್ಚಲ ಬಾಗಿಲು ಮುಚ್ಚದಂತೆ ಕುರ್ಚಿ ಅಡ್ಡವಿಟ್ಟು ಸ್ನಾನ ಮಾಡಿದ. ಅವನ ಹೆಂಡತಿ, ನನ್ನ ಅತ್ತಿಗೆ, ಎದುರು ಗೋಡೆಯ ಕಡೆ ಮುಖ ಮಾಡಿ ಕಾವಲು ಕೂರುತ್ತಿದ್ದಳು. ನೆಂಟರು ಅವನಿಗೆ ‘ಬಾಗಿಲು ಮಾವ’ ಎಂದು ಹೆಸರಿಟ್ಟರು, ಅವನೂ ನಕ್ಕ. ತನಗೆ ತಲೆ ಕೆಟ್ಟಿದೆ ಎಂಬ ಅನುಮಾನವನ್ನು ಅವನು ನಗುತ್ತಲೇ ನಂಬಿಕೊಂಡಿದ್ದ.

ತಂಗಿಯ ಕೆಲಸ ನೋಡಲೆಂದು ಬಂದವನು ಕನ್ನಡಕ ಹಾಕಿಕೊಳ್ಳಲು ಹೆದರಿದ. ನನ್ನ ಭುಜ ಹಿಡಿದುಕೊಂಡೇ ಹಾಕಿಕೊಂಡ. ಆಮೇಲೆ ಅಂಗೈಗಳನ್ನು ಹತ್ತಿರ ತಂದ, ದೂರ ಸರಿಸಿದ, ಮತ್ತೆ ತಂದ.

“ಜಾಗ ಕಡಿಮೆ ಮಾಡಿದಷ್ಟೂ ಇದು ಒದ್ದಾಡುತ್ತಲ್ಲ, ಯಾಕೆ?”

ನಾದಿನಿ ಹೇಳಿದಳು: “ಅದರ ಸ್ವಭಾವವೇ ಹಾಗೆ. ಚಿಕ್ಕ ಜಾಗಕ್ಕೆ ತುರುಕಿದಷ್ಟೂ ಚಡಪಡಿಕೆ ಜಾಸ್ತಿ. ಪೂರ್ತಿ ಸುಮ್ಮನಿರು ಅಂದ್ರೆ ಅದಕ್ಕೆ ಆಗೋದೇ ಇಲ್ಲ.”

“ಅದಕ್ಕೇನೂ ಕಾಯಿಲೆ ಇಲ್ವಾ?”

“ಇಲ್ಲ. ಆದ್ರೆ ಮನುಷ್ಯರಿಗೆ ಇದನ್ನ ಅಂಟಿಸಬೇಡಿ. ಇದು ಕಣದ ಲೆಕ್ಕ.”

“ಅಂಟಿಸಲ್ಲ ಬಿಡಮ್ಮ,” ಎಂದ ಅಣ್ಣ. ಅಂಟಿಸಿಕೊಂಡಾಗಿತ್ತು.

ಅವನು ಬಿಡುವಾದಾಗಲೆಲ್ಲ ಬಂದ. ಹೆಚ್ಚಿನ ದಿನ ಗೋಡೆ ಅವನನ್ನು ಬಿಡುತ್ತಿರಲಿಲ್ಲ. “ಇವತ್ತೂ ಆಗ್ಲಿಲ್ಲ,” ಎಂದು ಬಸ್ಸು ತಪ್ಪಿದವನ ಹಾಗೆ ಆರಾಮವಾಗಿ ಹೇಳಿ ಹೋಗುತ್ತಿದ್ದ. ಅವನು ಗುಣವಾದ ಎಂದು ನಾನು ಹೇಳುತ್ತಿಲ್ಲ. ಬಚ್ಚಲ ಬಾಗಿಲಿನ ಕುರ್ಚಿ ಊಟದ ಮೇಜಿನ ಬಳಿಗೆ ಮರಳಿತು, ಅಷ್ಟೇ. ತಮ್ಮ ವಾರ್ಷಿಕ ವರದಿಯ ಯಾವ ಅಂಕಣದಲ್ಲೂ ಇದನ್ನು ತೋರಿಸಲು ಬರುವುದಿಲ್ಲ, ನನಗೆ ಗೊತ್ತು.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ಅತಿಥಿಗಳು, ಛಾಯಾಗ್ರಾಹಕರು, ತಮ್ಮ ವಾಹನದ ಚಾಲಕರು, ಎಲ್ಲರೂ ಇದ್ದರು. ತಾವು ಕನ್ನಡಕ ತೊಟ್ಟು ಚಪ್ಪಾಳೆ ತಟ್ಟಿದಿರಿ. ಒಳಗೆ. ಮತ್ತೆ ತಟ್ಟಿದಿರಿ. ಒಳಗೆ. ತಾವು ತಟ್ಟುತ್ತಲೇ ಹೋದಿರಿ. ಸುತ್ತ ನಿಂತ ಸಿಬ್ಬಂದಿ, ಸಾಹೇಬರಿಗೆ ಬಹಳ ಮೆಚ್ಚುಗೆಯಾಗಿದೆ ಎಂದುಕೊಂಡು, ಅವರೂ ಜೊತೆಗೆ ತಟ್ಟಿದರು. ಬೆವರು ಒರೆಸಿಕೊಂಡು ತಾವು ಕನ್ನಡಕ ತೆಗೆದ ಮೇಲೆ, ಅತಿಥಿಗಳ ಒತ್ತಾಯಕ್ಕೆ ಚಾಲಕರು ತೊಟ್ಟರು. ಮೊದಲ ಚಪ್ಪಾಳೆಗೇ ಗೋಡೆಯಾಚೆ. ಆ ಬಡಪಾಯಿ ಮಾಡಿದ ತಪ್ಪೆಂದರೆ, “ಬಂದ್ಬಿಟ್ಟೆ ಸಾರ್,” ಎಂದು ತಮಗೇ ವರದಿ ಒಪ್ಪಿಸಿದ್ದು.

ಮರುವಾರವೇ ಆದೇಶ ಬಂತು. ‘ಒಂದೇ ದರದ ಟಿಕೇಟು ಪಡೆದ ವೀಕ್ಷಕರ ನಡುವೆ ಅನುಭವದಲ್ಲಿ ತಾರತಮ್ಯ ಸಲ್ಲದು. ಮೂರನೇ ಚಪ್ಪಾಳೆಗೆ ಎಲ್ಲರೂ ಗೋಡೆ ದಾಟತಕ್ಕದ್ದು.’ ಎಂಥ ಉದಾತ್ತ ಸಮಾನತೆ. ನಿರ್ದೇಶಕರೇ, ಪ್ರಕೃತಿಗೂ ಒಂದು ಸುತ್ತೋಲೆ ಕಳಿಸಿದ್ದೀರಾ? ಸೂರ್ಯನ ಒಡಲಲ್ಲಿ ಕಣಗಳು ಗೋಡೆ ದಾಟುವುದೇ ಅಪರೂಪಕ್ಕೆ, ಅದರಿಂದಲೇ ಅವನು ಹದವಾಗಿ ಉರಿಯುತ್ತಾನೆ ಎಂದು ನಾದಿನಿ ಹೇಳುತ್ತಾಳೆ. ಅಲ್ಲಿಯೂ ಮೂರನೇ ಚಪ್ಪಾಳೆ ಜಾರಿಗೆ ಬಂದರೆ ಆ ಬೆಳಕಿನಲ್ಲಿ ತಮ್ಮ ಆದೇಶ ಓದಲು ಯಾರು ಉಳಿದಿರುತ್ತಾರೆ?

ತಮ್ಮವರು ಯಂತ್ರವನ್ನು ಹಾಗೆ ಬದಲಿಸಿದ ವಿಷಯ ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಅವನು ಬಂದ, ಮೂರನೆಯದಕ್ಕೆ ದಾಟಿದ. ಮುಖ ಅರಳಿತು. ಮತ್ತೆ ತಟ್ಟಿದ, ಮತ್ತೆ ಮೂರನೆಯದಕ್ಕೆ. ಇನ್ನೊಂದು ಸುತ್ತು. ಆಮೇಲೆ ಮೆಲ್ಲಗೆ ಕನ್ನಡಕ ತೆಗೆದು ನನ್ನ ಕೈಗಿಟ್ಟ.

“ಇದು ಲಿಫ್ಟು ಕಣೇ. ಗುಂಡಿ ಒತ್ತಿದ್ರೆ ತೆಗೆಯುತ್ತೆ ಅಂತ ಮಾತು ಕೊಡೋದು. ಅಲ್ಲಿ ಗುಂಡಿ ಒತ್ತಿ ಒತ್ತಿ ನನ್ನ ಬೆರಳು ಊದಿತ್ತು. ನಿನ್ನ ಗೋಡೆ ಯಾವತ್ತೂ ಮಾತು ಕೊಟ್ಟಿರ್ಲಿಲ್ಲ. ಅದಕ್ಕೇ ಬರ್ತಿದ್ದೆ.”

ಮತ್ತೆ ಬಂದಿಲ್ಲ. ಅತ್ತಿಗೆ ಮತ್ತೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಾಳೆ.

ನಾದಿನಿ ತಮ್ಮ ಭವನದ ಸಲಹಾ ಸಮಿತಿ ಬಿಟ್ಟು ಹೊರನಡೆದಳು. “ನೀವೂ ಬಂದ್ಬಿಡಿ, ಅತ್ತಿಗೆ,” ಎಂದಳು. ಎಲ್ಲಿಗೆ ಬರಲಿ? ಒಪ್ಪಂದದಂತೆ ಆ ನೀಲಿ ತಮ್ಮ ಸ್ವತ್ತು, ಬಾಗಿಲ ಮೇಲಿನ ಹೆಸರು, ಬಂದವರಿಗೆ ಕೋಣೆ ತೋರಿಸುವ ಕೆಲಸ ಮಾತ್ರ ನನ್ನವು. ಅವಧಿ ಮುಗಿಯುವವರೆಗೆ ಹೆಸರು ಅಳಿಸುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ಬಿಟ್ಟು ಹೋದರೆ ನನ್ನ ಹೆಸರಿನ ಕೆಳಗೆ ಬೇರೆ ಯಾರೋ ಸುಳ್ಳು ಹೇಳುತ್ತಾರೆ; ಉಳಿದರೆ ಅದು ನನ್ನ ಬಾಯಿಂದಲೇ ಬರಬೇಕು. ಹಾಗಾಗಿ ಕಿಟಕಿಯಿಲ್ಲದ ಆ ಕೋಣೆಯಲ್ಲಿ ದಿನವಿಡೀ ನಿಂತು, “ಅಭಿನಂದನೆಗಳು, ತಾವು ಗೋಡೆ ದಾಟಿದಿರಿ,” ಎನ್ನುತ್ತಿದ್ದೇನೆ. ಜನ ದಾಟಿ ಹೋಗುತ್ತಾರೆ. ನಾನು ಅಲ್ಲೇ ಇರುತ್ತೇನೆ.

ಇನ್ನು ನೋಟಿಸಿನ ವಿಷಯ. ಕಳೆದ ವಾರ ಒಬ್ಬ ಮೇಷ್ಟ್ರು ತರಗತಿಯನ್ನೇ ಕರೆತಂದರು. ಮಕ್ಕಳೆಲ್ಲ ದಾಟಿ ಮುಗಿದ ಮೇಲೆ, “ಬರ್ಕೊಳ್ರಪ್ಪ, ಎಲೆಕ್ಟ್ರಾನು ಮೂರನೇ ಪ್ರಯತ್ನಕ್ಕೆ ಗೋಡೆ ದಾಟುತ್ತೆ,” ಎಂದರು. ಅವರ ತಪ್ಪೇನೂ ಇಲ್ಲ. ಕಣ್ಣಾರೆ ಕಂಡದ್ದನ್ನೇ ಬರೆಸಿದರು. ಅಷ್ಟೂ ಪೆನ್ನುಗಳು ಒಟ್ಟಿಗೆ ಸರಸರ ಓಡುವ ಸದ್ದು ಕೇಳಿ ನನಗೆ ತಡೆಯಲಾಗಲಿಲ್ಲ. “ಹೊಡೆದುಹಾಕಿ ಮಕ್ಕಳೇ, ಅದು ಸುಳ್ಳು. ಮೂರು ಅನ್ನೋದು ನಮ್ಮ ಸಾಹೇಬರು ಹೇಳಿದ್ದು, ಎಲೆಕ್ಟ್ರಾನ್ ಹೇಳಿದ್ದಲ್ಲ,” ಎಂದೆ. ‘ಸಂಸ್ಥೆಯ ಘನತೆಗೆ ಕುಂದು’ ಎಂದು ತಮ್ಮ ನೋಟಿಸು ಹೇಳುವುದು ಈ ಮಾತನ್ನೇ. ಹೌದು, ಹೇಳಿದ್ದೇನೆ. ಕ್ಷಮೆ ಕೇಳುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು: ಗೋಡೆಗೆ ಅದರ ಅನಿಶ್ಚಯವನ್ನು ಮರಳಿ ಕೊಡಿ. ಆಗದಿದ್ದರೆ, ಬಾಗಿಲ ಮೇಲೆ ನನ್ನ ಹೆಸರಿರುವ ಕಡೆ ತಮ್ಮ ಹೆಸರು ಬರೆಸಿ, ‘ಇಲ್ಲಿ ಆದೇಶದಂತೆ ನಡೆಯುತ್ತದೆ’ ಎಂದು ಕೆಳಗೆ ಸೇರಿಸಿ, ನನ್ನನ್ನು ಬಿಡುಗಡೆ ಮಾಡಿ. ಎರಡರಲ್ಲಿ ಒಂದಾಗುವ ತನಕ, ಬರುವ ಪ್ರತಿಯೊಬ್ಬರಿಗೂ ಅಭಿನಂದನೆಯ ಬದಲು ನಿಜ ಹೇಳುತ್ತೇನೆ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ತೆಗೆದರೂ ಹೆಸರು ಅಲ್ಲೇ ಇರುತ್ತದಲ್ಲ, ಟಿಕೇಟು ಕೊಂಡು ಒಳಗೆ ಬಂದು ಹೇಳುತ್ತೇನೆ.

ಇಂತಿ,
ಬಿಡಲೂ ಆಗದೆ ಇರಲೂ ಆಗದೆ,
ತಮ್ಮದೇ ಗೋಡೆಗಳ ನಡುವೆ ಹಬ್ಬಿಕೊಂಡಿರುವ
ಪರದೆಗೆ ಬಣ್ಣ ಬಳಿಯುವವಳೊಬ್ಬಳು